ಲೊರೇನ್ ಮೋಟೆಲ್: ಮುಖ ಉಳಿಯಿತು, ಕೋಣೆಗಳು ಹೋದವು

ಅಮೆರಿಕದ ಮೆಂಫಿಸ್ ನಗರದ ಲೊರೇನ್ ಮೋಟೆಲ್ ಈಗ ರಾಷ್ಟ್ರೀಯ ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಗುಂಡು ತಗುಲಿದ್ದು ಇಲ್ಲಿನ 306ನೇ ಕೋಣೆಯ ಮುಂದೆ. ಆ ಕೋಣೆಯನ್ನು ಅಂದಿದ್ದಂತೆಯೇ ಕಾಪಾಡಿದ್ದಾರೆ. ಆದರೆ ಮುಂಭಾಗದ ನೋಟವನ್ನು ಉಳಿಸಿಕೊಂಡು, ಒಳಗಿನ ಬಹುಪಾಲು ಕೋಣೆಗಳನ್ನು ಕಿತ್ತು ಪ್ರದರ್ಶನಾಂಗಣ ಮಾಡಿದ್ದಾರೆ. ಆ ಸಾಮಾನ್ಯ ಕೋಣೆಗಳಿಗೂ ಅಷ್ಟೇ ಜತನ ಸಲ್ಲಬೇಕಿತ್ತು.

ವರ್ಣಭೇದದ ಕಾಲದಲ್ಲಿ ಬಿಳಿಯರ ಹೋಟೆಲುಗಳು ಕಪ್ಪು ಪ್ರಯಾಣಿಕರನ್ನು ಬಾಗಿಲಲ್ಲೇ ತಿರುಗಿ ಕಳಿಸುತ್ತಿದ್ದವು. ತಂಗಲು ಎಲ್ಲಿ ಜಾಗ ಸಿಗುತ್ತದೆಂದು ತಿಳಿಸುತ್ತಿದ್ದ 'ಗ್ರೀನ್ ಬುಕ್' ಕೈಪಿಡಿಯಲ್ಲಿ ಲೊರೇನ್ ಹೆಸರಿತ್ತು. 1945ರಲ್ಲಿ ಹಳೆಯ ಹೋಟೆಲೊಂದನ್ನು ಕೊಂಡ ಬೈಲಿ ದಂಪತಿ, ಸ್ವತಃ ಕಪ್ಪು ಜನ, ಮುಂದೆ ಅದನ್ನು ಮೋಟೆಲ್ ಆಗಿ ಬೆಳೆಸಿದರು. ಕಾರು ನಿಲ್ಲಿಸಿದರೆ ಎದುರಿಗೇ ಕೋಣೆಯ ಬಾಗಿಲು. ಮೇಲಂತಸ್ತಿನ ಬಾಗಿಲುಗಳೆಲ್ಲ ಉದ್ದನೆಯ ತೆರೆದ ಬಾಲ್ಕನಿಗೆ. ಗಾಯಕರಾದ ರೇ ಚಾರ್ಲ್ಸ್, ಅರೀಥಾ ಫ್ರಾಂಕ್ಲಿನ್ ಇಲ್ಲಿ ತಂಗುತ್ತಿದ್ದರು; 'ಇನ್ ದ ಮಿಡ್‌ನೈಟ್ ಅವರ್' ಹಾಡು ಇಲ್ಲಿಯೇ ಹುಟ್ಟಿತು. ದಣಿದು ಬಂದವರಿಗೆ ತಮ್ಮದೇ ಬಾಗಿಲು, ತಮ್ಮದೇ ಬೀಗದಕೈ ಕೊಟ್ಟ ವಿನ್ಯಾಸವಿದು. ಎದುರಿನ ವಸತಿಗೃಹದಿಂದ ಹಾರಿದ ಗುಂಡಿಗೂ ಆ ತೆರೆದ ಬಾಲ್ಕನಿಯೇ ದಾರಿಯಾಯಿತು. ಈ ಕಟ್ಟಡದ ಇತಿಹಾಸವೆಲ್ಲ ಅದರ ರಚನೆಯಲ್ಲೇ ಇತ್ತು.

ವಸ್ತುಸಂಗ್ರಹಾಲಯವಾಗದಿದ್ದರೆ ಕಟ್ಟಡವೇ ಉಳಿಯುತ್ತಿರಲಿಲ್ಲ ಎನ್ನುವುದರಲ್ಲಿ ಹುರುಳಿದೆ. 1982ರಲ್ಲಿ ಅದು ಹರಾಜಿಗೆ ಬಂದಾಗ ಪ್ರತಿಷ್ಠಾನವೊಂದು 1,44,000 ಡಾಲರಿಗೆ ಕೊಂಡು ಕಾಪಾಡಿತು. ಆ ಉಪಕಾರ ದೊಡ್ಡದು. ಇಡೀ ನಾಗರಿಕ ಹಕ್ಕುಗಳ ಚಳವಳಿಯ ಕಥೆಗೆ ಪುಟ್ಟ ಕೋಣೆಗಳು ಸಾಲವು ಎಂಬ ವಾದವನ್ನು ಮಾತ್ರ ಒಪ್ಪಲಾರೆ. 2002ರಲ್ಲಿ ಅದೇ ಸಂಸ್ಥೆ ರಸ್ತೆಯಾಚೆಯ ಆ ವಸತಿಗೃಹದಲ್ಲೂ ಪ್ರದರ್ಶನ ತೆರೆಯಿತು. ಜಾಗ ಪಕ್ಕದಲ್ಲೇ ಇತ್ತು.

ಇನ್ನೂ ಕಠಿಣವಾದ ಆಕ್ಷೇಪ ಬಂದದ್ದು ಒಳಗೆ ವಾಸವಿದ್ದವರಿಂದಲೇ. ಮುಚ್ಚುವ ಹೊತ್ತಿಗೆ ಲೊರೇನ್ ಬಡವರು ಕಡಿಮೆ ಬಾಡಿಗೆಗೆ ಇರುವ ಜಾಗವಾಗಿತ್ತು. 1988ರಲ್ಲಿ ಪೊಲೀಸರು ಹೊರಹಾಕಿದ ಕೊನೆಯ ಬಾಡಿಗೆದಾರ್ತಿ ಎದುರಿನ ರಸ್ತೆಯಲ್ಲೇ ದಶಕಗಳ ಕಾಲ ಧರಣಿ ಕೂತರು: ವಸ್ತುಸಂಗ್ರಹಾಲಯಕ್ಕೆ ಹಾಕುವ ಹಣ ಬಡವರ ವಸತಿಗೆ ಹೋಗಲಿ ಎಂದು. ಕಿಂಗ್ ಮೆಂಫಿಸ್‌ಗೆ ಬಂದದ್ದು ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ ಎನ್ನುವುದನ್ನು ನೆನೆದರೆ ಈ ಮಾತನ್ನು ತಳ್ಳಿಹಾಕಲಾಗದು. ಸ್ಮಾರಕ ಬೇಡವೆಂದಲ್ಲ; ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಿರಲಿಲ್ಲ. 2020ರಿಂದ ಕ್ಯಾಲಿಫೋರ್ನಿಯಾ ಸರ್ಕಾರ 'ಹೋಮ್‌ಕೀ' ಯೋಜನೆಯಲ್ಲಿ ಮೋಟೆಲುಗಳನ್ನು ಮನೆಯಿಲ್ಲದವರ ವಾಸಕ್ಕೆ ಬದಲಿಸುತ್ತಿದೆ. ಪ್ರತಿ ಕೋಣೆಗೂ ಸ್ವಂತ ಬಾಗಿಲು, ಸ್ವಂತ ಬಚ್ಚಲು ಇರುವುದರಿಂದ ಈ ಕೆಲಸ ಸುಲಭವಾಗುತ್ತದೆ. ಲೊರೇನ್‌ನ ಒಂದು ಸಾಲು ಕೋಣೆಗಳನ್ನಾದರೂ ಹಾಗೆ ಉಳಿಸಿಕೊಳ್ಳಬಹುದಿತ್ತು.