ಸ್ಟೇಟಸ್‌ನಲ್ಲಿ ಕನ್ನಡ, ಸಂತೆಯಲ್ಲಿ ಅಳುಕು



ನವೆಂಬರ್ 1 ಬಂತಂದ್ರೆ ಕೌತಾಳಂನಿಂದ ಆದೋನಿವರೆಗೆ ನಮ್ಮ ಹುಡುಗರ ಸ್ಟೇಟಸ್ ತುಂಬ ಹಳದಿ-ಕೆಂಪು. ಮರುದಿನ ಆದೋನಿ ಹತ್ತಿ ಮಾರ್ಕೆಟ್‌ಗೆ ಹೋದರೆ, ಎದುರಿನವರಿಗೆ ಕನ್ನಡ ಬರುತ್ತೆ ಅಂತ ಗೊತ್ತಿದ್ದರೂ ಮಾತು ಶುರುವಾಗೋದು ತೆಲುಗಿನಲ್ಲೇ. ಬಸ್ಸಿನಲ್ಲಿ ಮನೆಯಿಂದ ಫೋನ್ ಬಂದರೆ ದನಿ ತಗ್ಗುತ್ತೆ. 'ಇವರದು ಬರೀ ತೋರಿಕೆ ಅಭಿಮಾನ' ಅಂತ ಹಂಗಿಸೋರು ಇದ್ದಾರೆ. ಅವರ ಮಾತನ್ನು ನಾವು ಒಪ್ಪಲ್ಲ.

ಅಭಿಮಾನ ಸುಳ್ಳಲ್ಲ. ಆದರೆ ಮನಸ್ಸಿಗೆ ಎರಡು ಪದರ. ಮೇಲಿನದು ನಾವೇ ಯೋಚಿಸಿ ಒಪ್ಪಿದ್ದು. ಕೆಳಗಿನದು ನಮಗೇ ಗೊತ್ತಿಲ್ಲದೆ ಒಳಗೆ ಕೂತದ್ದು. ಸಮಯ ಇದ್ದಾಗ ಮೇಲಿನದು ಗೆಲ್ಲುತ್ತೆ, ಥಟ್ಟನೆ ಬಾಯಿ ತೆರೀಬೇಕಾದಾಗ ಕೆಳಗಿನದು.

ಕೆನಡಾದ ಮಾಂಟ್ರಿಯಲ್‌ನಲ್ಲಿ ವಾಲೆಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿ 1960ರಲ್ಲಿ ಪ್ರಕಟಿಸಿದರು. ಎರಡೂ ಭಾಷೆ ಬಲ್ಲವರ ದನಿಯನ್ನು ಒಮ್ಮೆ ಫ್ರೆಂಚ್‌ನಲ್ಲಿ, ಒಮ್ಮೆ ಇಂಗ್ಲಿಷ್‌ನಲ್ಲಿ ರೆಕಾರ್ಡ್ ಮಾಡಿ, ಇಬ್ಬರೂ ಒಬ್ಬರೇ ಅಂತ ಹೇಳದೆ ವಿದ್ಯಾರ್ಥಿಗಳಿಗೆ ಕೇಳಿಸಿದರು. ಇಂಗ್ಲಿಷ್ ದನಿಯವರೇ ಜಾಣರು, ಎತ್ತರದವರು ಅಂತ ಅಂಕ ಬಿತ್ತು. ಫ್ರೆಂಚ್ ಮನೆಮಾತಿನವರೂ ಹಾಗೇ ಕೊಟ್ಟರು!

ನಮ್ಮ ಕಥೆಯೂ ಅದೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಅರ್ಜಿ, ಆಫೀಸು, ನೌಕರಿ ತೆಲುಗಿನದಾಯಿತು. ಕನ್ನಡ ಮನೆಯೊಳಗೆ ಮಾತ್ರ ಅಂತ ಮನಸ್ಸು ತಾನಾಗೇ ಲೆಕ್ಕ ಹಾಕಿಕೊಂಡಿತು. ತೆಲುಗು ನಮ್ಮ ವೈರಿಯಲ್ಲ, ನೆರೆಮನೆಯ ಮಾತು. ವೈರಿ ಈ ಅಳುಕು.

ಈ ಅಳುಕಿಗೆ ಬೆಲೆ ತೆರಬೇಕಾಗುತ್ತೆ. 1949ರಲ್ಲಿ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳು ಒಪ್ಪಿದ ಸೂತ್ರ ಹೀಗಿದೆ: ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಕರನ್ನು ಕೊಡಬೇಕು. ಸಂವಿಧಾನದ 350ಎ ವಿಧಿಯೂ ನಮ್ಮ ಬೆನ್ನಿಗಿದೆ. ಆದರೆ ಹಕ್ಕು ನಿಂತಿರೋದು ತಲೆ ಎಣಿಕೆ ಮೇಲೆ. ಕನ್ನಡ ಅಂದ್ರೆ ಪ್ರಾಣ ಅನ್ನೋ ಅಪ್ಪ, ಮಗನನ್ನು ಶಾಲೆಗೆ ಸೇರಿಸೋ ದಿನ 'ಯಾಕೋ ಕನ್ನಡ ಬೇಡ ಬಿಡು' ಅಂದರೆ ಹತ್ತು ಒಂಬತ್ತಾಗುತ್ತೆ. ಜನಗಣತಿಯವರು ಮಾತೃಭಾಷೆ ಕೇಳಿದಾಗ ಬಾಯಿಗೆ ಮೊದಲು ತೆಲುಗು ಬಂದರೆ, ಲೆಕ್ಕದಲ್ಲಿ ನಾವು ಇದ್ದೂ ಇಲ್ಲದವರು.

ಘೋಷಣೆ ತಲುಪೋದು ಮೇಲಿನ ಪದರಕ್ಕೆ ಅಷ್ಟೇ. ಕೆಳಗಿನದನ್ನು ತಿದ್ದೋಕೆ ದಿನದಿನದ ರೂಢಿ ಬೇಕು. ಅದಕ್ಕೇ ಮನೆ ಬಿಡೋ ಮುಂಚೇನೇ ತೀರ್ಮಾನ ಮಾಡ್ರಿ: ಸಂತೆಯಲ್ಲಿ ಮೊದಲ ಮಾತು ಕನ್ನಡ, ಎದುರಿನವರಿಗೆ ತಿಳಿಯದಿದ್ದರೆ ಆಮೇಲೆ ತೆಲುಗು. ಬಸ್ಸಿನಲ್ಲಿ ದನಿ ತಗ್ಗಿಸಬ್ಯಾಡ್ರಿ. ಗಣತಿಯವರು ಏನು ಬರಕೊಂಡ್ರು ಅಂತ ಕೇಳಿ ಖಾತ್ರಿ ಮಾಡ್ಕೊಳ್ರಿ.

ಶ್ರಾವಣದಲ್ಲಿ ನಮ್ಮ ಉರುಕುಂದ ಈರಣ್ಣನ ದರ್ಶನಕ್ಕೆ ಕರ್ನಾಟಕದಿಂದ ಜನ ತಂಡೋಪತಂಡವಾಗಿ ಬರ್ತಾರೆ. ಅವರ ಜೊತೆ ಕನ್ನಡ ಮಾತಾಡೋಕೆ ನಮಗೆ ಯಾವ ಅಳುಕೂ ಇಲ್ಲ. ಅದೇ ದನಿ ಆದೋನಿ ಬಸ್ ಸ್ಟ್ಯಾಂಡಿನಲ್ಲೂ ಕೇಳಲಿ.