ಲೆಕ್ಕ ಬಲ್ಲವರು ಸಾಲದು, ಲೆಕ್ಕ ಕೊಡುವವರು ಬೇಕು

ಪಂಚಾಯಿತಿ ಚುನಾವಣೆ ಮಾತು ಶುರುವಾದರೆ ಸಾಕು, ಕುಂದಾಣದ ಟೀ ಅಂಗಡಿಯಲ್ಲೂ ಡೇರಿ ಮುಂದೆಯೂ ಒಂದೇ ಮಾತು: "ಈ ಸಲ ದುಡ್ಡಿನ ವ್ಯವಹಾರ ಗೊತ್ತಿರೋರನ್ನ ಗೆಲ್ಲಿಸೋಣ." ಬ್ಯಾಂಕಿನಿಂದ ನಿವೃತ್ತರಾದವರು, ಸೊಸೈಟಿ ನಡೆಸಿದವರು, ಲೇಔಟ್ ಮಾಡಿ ದುಡ್ಡು ಕಂಡವರು, ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುತ್ತೇವೆ. ನಮ್ಮ ತಕರಾರು ಇಲ್ಲೇ.

ದುಡ್ಡಿರುವವರು ಬೇರೆ, ಲೆಕ್ಕ ಬಲ್ಲವರು ಬೇರೆ. 2020ರ ಡಿಸೆಂಬರ್‌ನಲ್ಲಿ ಪಂಚಾಯಿತಿ ಚುನಾವಣೆ ನಡೆದಾಗ ಬಳ್ಳಾರಿ, ಕಲಬುರಗಿ ಕಡೆಯಿಂದ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂತು. ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಸೀಟಿಗೆ ದುಡ್ಡು ಹಾಕಿದವರು ಅದನ್ನು ಎಲ್ಲಿಂದ ವಾಪಸ್ ತೆಗೆಯುತ್ತಾರೆ? ನಮ್ಮ ಚರಂಡಿಯಿಂದ, ನಮ್ಮ ಬೋರ್‌ವೆಲ್ ಮೋಟಾರ್‌ನಿಂದ.

ಹಾಗಂತ ಜನ ಯಾವಾಗಲೂ ದುಡ್ಡಿಗೇ ಮಣಿಯುತ್ತಾರೆ ಅಂತಲೂ ಅಲ್ಲ. ಪಕ್ಕದ ಹೊಸಕೋಟೆ ನೋಡಿ. 2019ರ ಉಪಚುನಾವಣೆಯಲ್ಲಿ ಸಾವಿರ ಕೋಟಿಗೂ ಹೆಚ್ಚು ಆಸ್ತಿ ಘೋಷಿಸಿದ್ದ ಎಂ.ಟಿ.ಬಿ. ನಾಗರಾಜ್ ಪಕ್ಷೇತರರಾಗಿದ್ದ ಶರತ್ ಬಚ್ಚೇಗೌಡರ ಎದುರು ಸೋತರು. ಲೆಕ್ಕ ಬಲ್ಲವರು ಅಂದರೆ ಗೆದ್ದೇ ಬಿಡುತ್ತಾರೆ ಅಂತಲೂ ಇಲ್ಲ. ಇನ್ಫೋಸಿಸ್‌ನ ಹಣಕಾಸು ನೋಡಿಕೊಂಡಿದ್ದ ವಿ. ಬಾಲಕೃಷ್ಣನ್ 2014ರಲ್ಲಿ ಬೆಂಗಳೂರು ಸೆಂಟ್ರಲ್‌ನಲ್ಲಿ ನಿಂತು ಸೋತರು.

ಲೆಕ್ಕ ಗೊತ್ತಿರುವವರು ಬೇಡ ಅನ್ನುತ್ತಿಲ್ಲ. ಏರ್‌ಪೋರ್ಟ್ ಬಂದ ಮೇಲೆ ದೇವನಹಳ್ಳಿ ಸೀಮೆಯಲ್ಲಿ ಲೇಔಟು, ರೆಸಾರ್ಟು ಎದ್ದಿವೆ. ಕಂದಾಯ ಎಷ್ಟು ಬರಬೇಕು, ಎಷ್ಟು ಬಂತು ಅಂತ ಕೇಳುವ ತಲೆ ಬೇಕು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದು ಗೊತ್ತಿಲ್ಲದ ಸದಸ್ಯರು ಮೀಟಿಂಗಿನಲ್ಲಿ ತಲೆಯಾಡಿಸಿ, ಕಾಫಿ ಕುಡಿದು ಬರುತ್ತಾರೆ.

ಆದರೆ ಒಬ್ಬ ಜಾಣರನ್ನು ಗೆಲ್ಲಿಸಿ ನಾವು ನಿದ್ದೆ ಹೋದರೆ ಆಗುವುದಿಲ್ಲ. ಅಧ್ಯಕ್ಷ ಸ್ಥಾನ ಮೀಸಲಾತಿ ಪ್ರಕಾರ ಬದಲಾಗುತ್ತದೆ, ಅವಧಿ 30 ತಿಂಗಳು. ನೀವು ಆರಿಸಿದ ಬ್ಯಾಂಕ್ ಮ್ಯಾನೇಜರ್ ಆ ಕುರ್ಚಿಗೆ ಬರದೇ ಇರಬಹುದು. ಬಿಲ್ ಪಾಸಾಗಲು ಅಧ್ಯಕ್ಷರು, ಪಿಡಿಒ ಇಬ್ಬರ ಸಹಿ ಬೇಕು. ಅಧ್ಯಕ್ಷೆ ಹೆಣ್ಣುಮಗಳಾದರೆ ಡಿಜಿಟಲ್ ಸಹಿಯ ಕೀ ಗಂಡನ ಜೇಬಿನಲ್ಲಿದೆಯಾ ಅಂತ ನೋಡುವುದೂ ನಮ್ಮ ಕೆಲಸವೇ. ಲೆಕ್ಕ ಬಲ್ಲವರಿಗೆ ಲೆಕ್ಕ ಮುಚ್ಚುವುದೂ ಗೊತ್ತಿರುತ್ತದೆ, ಮರೆಯಬೇಡಿ.

ಮತ ಕೇಳಲು ಬಂದವರನ್ನು "ನಿಮ್ಮ ಅನುಭವ ಎಷ್ಟು ವರ್ಷ" ಅಂತ ಕೇಳಬೇಡಿ. ಹೀಗೆ ಕೇಳಿ: ಆರು ತಿಂಗಳಿಗೊಂದು ಗ್ರಾಮಸಭೆ ತಪ್ಪದೆ ಮಾಡಿಸುತ್ತೀರಾ? ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಯಾವ ಕೆಲಸಕ್ಕೆ ಯಾರಿಗೆ ಎಷ್ಟು ಕೊಟ್ಟಿರಿ ಅಂತ ಎಲ್ಲರಿಗೂ ಕೇಳುವ ಹಾಗೆ ಓದಿಸುತ್ತೀರಾ? ಓದಿದ್ದನ್ನು ಪಂಚಾಯಿತಿ ಗೋಡೆಗೆ ಅಂಟಿಸುತ್ತೀರಾ?

ನಾವೂ ಸುಮ್ಮನಿರುವುದು ಬೇಡ. ಈ ಬರಹ ಓದುತ್ತಿರುವ ಇದೇ ಫೋನಿನಲ್ಲಿ ಇ-ಗ್ರಾಮ್ ಸ್ವರಾಜ್ ತೆರೆದರೆ ನಮ್ಮ ಪಂಚಾಯಿತಿಯ ಜಮಾ ಖರ್ಚು ನೋಡಬಹುದು. ಅಲ್ಲಿ ಖರ್ಚು ಬರೆದಿರುವ ಚರಂಡಿ ನಮ್ಮ ಬೀದಿಯಲ್ಲಿ ಇದೆಯಾ ಅಂತ ಹೋಗಿ ನೋಡಲು ಯಾವ ಬ್ಯಾಂಕಿನ ಅನುಭವವೂ ಬೇಕಿಲ್ಲ.