ಹೈಬ್ರಿಡ್ ಎಂಜಿನ್ ಕಡಿಮೆ ಓಡಿದರೆ ಆಯಿಲ್ ಹೆಚ್ಚು ಬಾಳುತ್ತದೆಯೇ?

ಮಳೆಗಾಲದಲ್ಲಿ ಬೆಳಗಾವಿಯ ಟಿಳಕವಾಡಿಯಿಂದ ಉದ್ಯಮಬಾಗಿಗೆ ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಆಯಿಲ್ ಮುಚ್ಚಳ ತೆಗೆದು ನೋಡಿ. ಒಳಬದಿಯಲ್ಲಿ ಮಜ್ಜಿಗೆ ನೊರೆಯಂಥ ಬಿಳಿ ಜಿಡ್ಡು ಅಂಟಿರಬಹುದು. "ಮಳೆ ನೀರು ಹೋಗಿದೆ" ಎಂದು ಒಬ್ಬರು, "ಹೆಡ್ ಗ್ಯಾಸ್ಕೆಟ್ ಹೋಗಿದೆ" ಎಂದು ಇನ್ನೊಬ್ಬರು ಹೇಳುತ್ತಾರೆ. ಹಲವು ಬಾರಿ ಎರಡೂ ನಿಜವಲ್ಲ. ಆ ನೀರು ಬಂದಿರುವುದು ಪೆಟ್ರೋಲಿನಿಂದಲೇ!

ಹೌದು, ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಜಾರಿ, ಕ್ರ್ಯಾಂಕ್ ತಿರುಗುವ ಕೆಳಗಿನ ಕೋಣೆಗೆ ಇಳಿಯುತ್ತದೆ. ಇದೇ ಕ್ರ್ಯಾಂಕ್‌ಕೇಸ್. ಹೀಗೆ ಇಳಿಯುವ ಗಾಳಿಯನ್ನು ಗ್ಯಾರೇಜಿನವರು 'ಬ್ಯಾಕ್ ಕಂಪ್ರೆಷನ್' ಎನ್ನುತ್ತಾರೆ. ಹೊಸ ಎಂಜಿನ್ನಿನಲ್ಲೂ ಇದು ಸ್ವಲ್ಪ ಇದ್ದೇ ಇರುತ್ತದೆ.

ಗಾಳಿ ಏಕೆ ಆಡಬೇಕು?

ಈ ಗಾಳಿಯಲ್ಲಿ ನೀರಾವಿ, ಉರಿಯದ ಪೆಟ್ರೋಲ್, ಆಮ್ಲಗಳು ಎಲ್ಲವೂ ಇವೆ. ಸೀಟಿ ಕಟ್ಟಿಕೊಂಡ ಕುಕ್ಕರಿನಂತೆ ಒಳಗೇ ಒತ್ತಡ ಏರಿದರೆ ಆಯಿಲ್ ಸೀಲುಗಳಿಂದ ಎಣ್ಣೆ ಜಿನುಗುತ್ತದೆ. ನೀರು ಎಣ್ಣೆಗೆ ಬೆರೆತರೆ ಬೇರಿಂಗುಗಳು ಸವೆಯುತ್ತವೆ.

ಹಿಂದೆ ಒಂದು ಕೊಳವೆಯ ಮೂಲಕ ಇದನ್ನು ರಸ್ತೆಗೇ ಬಿಡುತ್ತಿದ್ದರು. ನಗರಗಳ ಹೊಗೆಮಂಜಿಗೆ ಇದೂ ಕಾರಣ ಎಂದು ತಿಳಿದ ಮೇಲೆ ಕ್ಯಾಲಿಫೋರ್ನಿಯಾ 1961ರಲ್ಲಿ ಪಿಸಿವಿ ವಾಲ್ವ್ ಅಳವಡಿಕೆಯನ್ನು ಕಡ್ಡಾಯ ಮಾಡಿತು. ಈ ವ್ಯವಸ್ಥೆಯಲ್ಲಿ ಏರ್ ಫಿಲ್ಟರ್ ದಾಟಿದ ಶುದ್ಧ ಗಾಳಿ ಒಂದು ಕಡೆಯಿಂದ ಒಳಬರುತ್ತದೆ. ಕೊಳಕು ಗಾಳಿಯನ್ನು ಇನ್ನೊಂದು ಕಡೆಯಿಂದ ಇನ್‌ಟೇಕ್ ಮ್ಯಾನಿಫೋಲ್ಡ್ ಎಳೆದುಕೊಂಡು ಮತ್ತೆ ಉರಿಸುತ್ತದೆ. ಎಳೆಯುವ ಶಕ್ತಿ ಮ್ಯಾನಿಫೋಲ್ಡಿನ ನಿರ್ವಾತದ್ದು.

ಹೈಬ್ರಿಡ್‌ನಲ್ಲಿ ತೊಡಕು ಎಲ್ಲಿ?

ಈ ನಿರ್ವಾತವೇ ಹೈಬ್ರಿಡ್‌ನಲ್ಲಿ ಕಡಿಮೆ. ಎಂಜಿನ್ ನಿಂತಾಗ ಅದು ಇಲ್ಲವೇ ಇಲ್ಲ. ಓಡುವಾಗಲೂ ಇಂಧನ ಉಳಿಸಲು ಥ್ರಾಟಲನ್ನು ಹೆಚ್ಚು ತೆರೆದೇ ಓಡಿಸುತ್ತಾರೆ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್, ಹೈರೈಡರ್ ಹೈಬ್ರಿಡ್ ಕಾರುಗಳಲ್ಲಿ ಇರುವುದು ಅಟ್ಕಿನ್ಸನ್ ಮಾದರಿಯ ಎಂಜಿನ್. ಇದರಲ್ಲಿ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ನಿರ್ವಾತ ಇನ್ನೂ ಕಡಿಮೆ. ಕಂಪನಿಗಳು ಇದನ್ನು ಲೆಕ್ಕ ಹಾಕಿಯೇ ವಿನ್ಯಾಸ ಮಾಡಿರುತ್ತವೆ. ಸ್ವಂತವಾಗಿ ಎಂಜಿನ್ ಕಟ್ಟುವವರು ಆ ಲೆಕ್ಕವನ್ನು ತಾವೇ ಹಾಕಬೇಕು.

ಎರಡನೆಯದು ಬಿಸಿ. ಕೂಲಂಟ್ ಬೇಗ ಕಾಯುತ್ತದೆ, ಎಣ್ಣೆ ನಿಧಾನವಾಗಿ ಕಾಯುತ್ತದೆ. ಎಣ್ಣೆ 100 ಡಿಗ್ರಿಯ ಹತ್ತಿರ ಬಂದಾಗ ಮಾತ್ರ ಅದರೊಳಗಿನ ನೀರು ಬೇಗ ಆವಿಯಾಗುತ್ತದೆ. ಸಾಮಾನ್ಯ ಕಾರು ಬೆಳಗಾವಿಯಿಂದ ಸುಮಾರು 26 ಕಿ.ಮೀ. ದೂರದ ಖಾನಾಪುರಕ್ಕೆ ಹೋಗಿಬಂದರೆ ಎಣ್ಣೆ ಚೆನ್ನಾಗಿ ಕಾಯುತ್ತದೆ. ಹೈಬ್ರಿಡ್ ಎಂಜಿನ್ ಅದೇ ದಾರಿಯಲ್ಲಿ ಹಲವು ಸಲ ನಿಂತು ಹತ್ತುತ್ತದೆ. ಜಾಂಬೋಟಿ, ಕಣಕುಂಬಿ ಕಡೆಯ ಜಡಿಮಳೆಯ ತಂಪಿನಲ್ಲಿ ಲೋಹ ಬೇಗ ಆರಿ, ಅನ್ನದ ಪಾತ್ರೆಯ ಮುಚ್ಚಳದಂತೆ ಒಳಗೇ ಬೆವರುತ್ತದೆ.

ಹಾಗಾಗಿ "ಕಡಿಮೆ ಓಡಿದೆ, ಆಯಿಲ್ ಬದಲಿಸುವುದು ಬೇಡ" ಎಂಬುದು ತಪ್ಪು. ಕಿಲೋಮೀಟರಿನ ಜೊತೆ ತಿಂಗಳನ್ನೂ ಎಣಿಸಬೇಕು.

ಕಟ್ಟುವಾಗ ಗಮನಿಸಬೇಕಾದ್ದು

• ಕೊಳಕು ಗಾಳಿಯನ್ನು ಟ್ಯಾಪೆಟ್ ಕವರಿನ ಎತ್ತರದ ಜಾಗದಿಂದ, ಎಣ್ಣೆ ಸಿಡಿಯದ ಕಡೆಯಿಂದ ತೆಗೆಯಿರಿ. ಒಳಗೆ ತಡೆತಗಡು ಇರಲಿ. ಶುದ್ಧ ಗಾಳಿ ಎದುರು ತುದಿಯಿಂದ ಬರಲಿ.

• ಗಾಳಿ ಅಳೆಯುವ ಸೆನ್ಸರ್ ಇದ್ದರೆ ಶುದ್ಧ ಗಾಳಿಯ ಪೈಪನ್ನು ಅದರ ನಂತರ, ಥ್ರಾಟಲಿಗೆ ಮೊದಲು ಜೋಡಿಸಿ. ಇಲ್ಲವಾದರೆ ಲೆಕ್ಕಕ್ಕೆ ಸಿಗದ ಗಾಳಿ ಸೇರಿ ಮಿಶ್ರಣ ಕೆಡುತ್ತದೆ.

• ಎಣ್ಣೆ ತಾಳುವ ಪೈಪನ್ನೇ ಬಳಸಿ. ನಡುವೆ ಜೋತುಬಿದ್ದು ನೀರು ನಿಲ್ಲುವ ತಗ್ಗು ಇರಬಾರದು.

• ವಾಲ್ವ್ ಮತ್ತು ಮ್ಯಾನಿಫೋಲ್ಡಿನ ನಡುವೆ ಕ್ಯಾಚ್ ಕ್ಯಾನ್ ಹಾಕಿದರೆ ಅದು ಬಿಗಿಯಾಗಿ ಮುಚ್ಚಿರಲಿ. ಮಳೆಗಾಲದಲ್ಲಿ ಪದೇ ಪದೇ ಖಾಲಿ ಮಾಡಿ.

• ಎಣ್ಣೆಗೆ ಉಷ್ಣಮಾಪಕ ಕೂರಿಸಿ. ಒಮ್ಮೆ ಹತ್ತಿದ ಎಂಜಿನ್ ಎಣ್ಣೆ ಕಾಯುವವರೆಗೆ ನಿಲ್ಲದಂತೆ ಕಂಟ್ರೋಲರಿನಲ್ಲಿ ಹೊಂದಿಸಿ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ.

ಸರಿಯಾಗಿದೆಯೇ ಎಂದು ನೋಡಲು ದುಬಾರಿ ಉಪಕರಣ ಬೇಡ. ಹಳೆಯ ಆಯಿಲ್ ಮುಚ್ಚಳಕ್ಕೆ ತೂತು ಕೊರೆದು ಪಾರದರ್ಶಕ ಪೈಪ್ ಜೋಡಿಸಿ. ಪೈಪನ್ನು ಎತ್ತರವಾಗಿ ಯು ಅಕ್ಷರದಂತೆ ಬಾಗಿಸಿ ನೀರು ತುಂಬಿಸಿ. ಎಂಜಿನ್ ಐಡಲ್‌ನಲ್ಲಿರುವಾಗ ಎಂಜಿನ್ ಕಡೆಯ ನೀರು ತುಸು ಮೇಲೇರಿದರೆ ಗಾಳಿ ಎಳೆಯುತ್ತಿದೆ ಎಂದರ್ಥ. ಕೆಳಗಿಳಿದರೆ ಒಳಗೆ ಒತ್ತಡ ಕಟ್ಟಿದೆ.

ಬ್ರೀದರನ್ನು ಹೊರಗೆ ಬಿಟ್ಟರೆ ಆಗದೇ?

ಸುಲಭವೇನೋ ಹೌದು, ಆದರೆ ಸರಿಯಲ್ಲ. ಸುಮ್ಮನೆ ತೆರೆದ ಬ್ರೀದರ್ ಒತ್ತಡ ಇಳಿಸುತ್ತದೆ, ಒಳಗೆ ಗಾಳಿ ಆಡಿಸುವುದಿಲ್ಲ. ನೀರು ಅಲ್ಲೇ ಉಳಿಯುತ್ತದೆ. ಪಿಯುಸಿ ತಪಾಸಣೆ ಸೈಲೆನ್ಸರಿನ ಹೊಗೆಯನ್ನಷ್ಟೇ ಅಳೆಯುವುದರಿಂದ ಈ ತಪ್ಪು ಅಲ್ಲಿ ಸಿಕ್ಕಿಬೀಳದಿರಬಹುದು. ಆದರೆ ಹೊಸ ಮಾದರಿಯ ಕಾರುಗಳಿಗೆ ಅನುಮೋದನೆ ಕೊಡುವಾಗ ಕ್ರ್ಯಾಂಕ್‌ಕೇಸ್ ಅನಿಲಕ್ಕೆ ಬೇರೆಯೇ ಪರೀಕ್ಷೆ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಮನಬಂದಂತೆ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ರಸ್ತೆಗಿಳಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಇನ್ನು ಆ ಬಿಳಿ ಜಿಡ್ಡು ಕಂಡರೆ ಡಿಪ್‌ಸ್ಟಿಕ್ ತೆಗೆದು ನೋಡಿ. ಅಲ್ಲಿ ಎಣ್ಣೆ ತಿಳಿಯಾಗಿದ್ದು ಕೂಲಂಟ್ ಮಟ್ಟವೂ ಇಳಿಯದಿದ್ದರೆ ಅದು ಬಹುಶಃ ಬರೀ ಬೆವರು. ಪಿಸಿವಿ ವಾಲ್ವ್ ಪರೀಕ್ಷಿಸಿ, ಎಂಜಿನ್ ಚೆನ್ನಾಗಿ ಕಾಯುವಂತೆ ಓಡಿಸಿ. ಡಿಪ್‌ಸ್ಟಿಕ್‌ನಲ್ಲೂ ಹಾಲುಬಣ್ಣ ಕಂಡರೆ ಮಾತ್ರ ಕಾರನ್ನು ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ.